ಮೈಕ್ ತಿರುಮಲೇಶನ ವೆಬ್ ಪೇಜು

ಚಿಂತಾಮಣಿಯಲ್ಲಿ ಹೊಸ ಸಿನಿಮಾ ಬಂದರೂ, ಬಟ್ಟೆ ಅಂಗಡಿಯವರು ರಿಯಾಯಿತಿ ಹಾಕಿದರೂ, ನಾಳೆ ನಲ್ಲಿ ನೀರು ಬರುವುದಿಲ್ಲವೆಂದು ಊರಿಗೆ ತಿಳಿಸಬೇಕಾದರೂ ಆಟೋದಲ್ಲಿ ಮೈಕ್ ಹಿಡಿದು ಕೂರುತ್ತಿದ್ದವನು ತಿರುಮಲೇಶ್. ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಅವನ ಮುಖ ನೋಡದವರಿಗೂ ದನಿ ಗೊತ್ತಿತ್ತು. ಮನೆಯಲ್ಲಿ ಮಾತ್ರ ಮಾತಿಲ್ಲ. ಗಂಟಲಿಗೆ ವಿಶ್ರಾಂತಿ ಬೇಕೆಂದು ಸುಮ್ಮನೆ ಉಂಡು ಮಲಗಿಬಿಡುತ್ತಿದ್ದ. ಹೆಂಡತಿ ರಾಧಾಮಣಿ ಏನಾದರೂ ಕೇಳಿದರೆ ತಲೆಯಾಡಿಸುತ್ತಿದ್ದ, ಇಲ್ಲವೆ ಕೈಸನ್ನೆ ಮಾಡುತ್ತಿದ್ದ.

೨೦೦೩ರಲ್ಲಿ ದನಿ ಒಡೆಯಿತು. ಧೂಳಿಗೆ ಹೀಗಾಗಿದೆ ಅಂದುಕೊಂಡು ಶುಂಠಿ ಕಷಾಯ ಕುಡಿದ. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲಿನ ಕ್ಯಾನ್ಸರ್ ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಒಂದು ತೂತು, ಅದರಲ್ಲೇ ಉಸಿರಾಟ. ಊರಿಗೆ ವಾಪಸು ಬಂದವನು ಮಗಳ ಹಳೇ ಸ್ಲೇಟಿನ ಮೇಲೆ ಬರೆದು ಮಾತಾಡಲು ಶುರು ಮಾಡಿದ.

ಮಗಳು ಚೈತ್ರ ಡಿಗ್ರಿ ಮುಗಿಸಿ ಕಂಪ್ಯೂಟರ್ ಸೆಂಟರಿಗೆ ಹೋಗುತ್ತಿದ್ದಳು. ಅಲ್ಲಿ ಪ್ರತಿಯೊಬ್ಬರೂ ತಮ್ಮದೊಂದು ವೆಬ್ ಪೇಜ್ ಮಾಡಬೇಕಿತ್ತು.

"ನನ್ನ ಬಗ್ಗೆ ಹಾಕೋಕೆ ಏನೂ ಇಲ್ಲಪ್ಪ. ನಿಂದೇ ಮಾಡಣ ಬಾ" ಎಂದಳು.

ಅವನು ಸ್ಲೇಟಿನಲ್ಲಿ "ಬೇಡ" ಎಂದು ಬರೆದ. ಆದರೆ ಮಾರನೇ ದಿನ ಇಸ್ತ್ರಿ ಶರಟು ಹಾಕಿಕೊಂಡು, ಕುತ್ತಿಗೆಗೆ ಕರ್ಚೀಫು ಸುತ್ತಿಕೊಂಡು ಅವಳ ಜೊತೆ ಹೊರಟ.

ಬಣ್ಣ ಆರಿಸಿದವನು ಅವನೇ. ಕಡು ನೀಲಿಯ ಮೇಲೆ ಹಳದಿ ಅಕ್ಷರ. "ಕಣ್ಣಿಗೆ ಹೊಡೆಯುತ್ತೆ, ಬಿಳಿ ಇರ್ಲಿ" ಎಂದಳು ಮಗಳು. "ದೂರದಿಂದ ಕಾಣಬೇಕು" ಎಂದು ಬರೆದು ತೋರಿಸಿದ. ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕನ್ನಡ ಬೇರೆ ಕಡೆ ತೆರೆದರೆ ಗೀಚುಗೀಚಾಗಿ ಕಾಣುತ್ತಿತ್ತು. ಅದಕ್ಕೆ ಅವನು ಕಾಗದದ ಮೇಲೆ ಕೈಯಲ್ಲೇ ಹೆಸರು ಬರೆದುಕೊಟ್ಟ, ಅವಳು ಸ್ಕ್ಯಾನ್ ಮಾಡಿ ಹಾಕಿದಳು. ಪೇಜು ತೆರೆದ ಕೂಡಲೇ ಅಪ್ಪನ ದನಿ ಕೇಳಬೇಕೆನ್ನುವುದು ಅವಳ ಆಸೆ.

ದನಿಗಾಗಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಬಷೀರ್ ಅಹಮದ್‌ನ ಅಂಗಡಿಗೆ ಹೋದರು. ತಿರುಮಲೇಶ್ ಇಷ್ಟು ವರ್ಷ ಕೆಲಸ ಮಾಡಿದ್ದು ಅವನ ಹತ್ತಿರವೇ. ಬಷೀರ್ ಅವನ ದನಿಯಿದ್ದ ಪ್ರಚಾರದ ಕ್ಯಾಸೆಟ್ಟುಗಳನ್ನೆಲ್ಲ ಮುಂದೆ ಸುರಿದ. ಒಂದೊಂದಾಗಿ ಹಾಕಿ ಕೇಳಿದರೆ ಸೀರೆ, ಚಪ್ಪಲಿ, ಸರ್ಕಸ್ಸು, ಬೀಜದ ಆಲೂಗಡ್ಡೆ. ಕೊನೆಗೆ ಆಷಾಢದ ರಿಯಾಯಿತಿಯದನ್ನೇ ಆರಿಸಿಕೊಂಡರು. ಬಷೀರ್ ತನ್ನ ಅಂಗಡಿಯ ಕಾರ್ಡಿನಲ್ಲಿ ಆ ಪೇಜಿನ ವಿಳಾಸವನ್ನೂ ಅಚ್ಚು ಹಾಕಿಸಿದ. "ಜನ ನಿನ್ನ ಮರೀಬಾರ್ದು ತಿರುಮಲೇಶಣ್ಣ" ಎಂದ.

ಪೇಜು ಮುಗಿದ ದಿನ ರಾಧಾಮಣಿಯನ್ನು ಕರೆದುಕೊಂಡು ಹೋಗಿ ತೋರಿಸಿದರು. "ಬನ್ನಿ, ನೋಡಿ, ಆರಿಸಿಕೊಳ್ಳಿ! ನಿಮ್ಮ ಮನೆಯ ಹೆಣ್ಣುಮಕ್ಕಳಿಗಾಗಿ..." ಎಂದು ಸ್ಪೀಕರು ಕೂಗಿತು. ಸೆಂಟರಿನಲ್ಲಿದ್ದ ಹುಡುಗರು ನಕ್ಕರು.

"ನಿಲ್ಸಮ್ಮ ಅದ್ನ" ಎಂದಳು ರಾಧಾಮಣಿ. ಚೈತ್ರ ನಿಲ್ಲಿಸಿದ ಮೇಲೆ ಕೇಳಿದಳು: "ಬರೀ ಅಂಗಡಿಯವರದ್ದೇನಾ? ಮನೇಲಿ ಮಾತಾಡಿದ್ದು ಒಂದೂ ಇಲ್ವಾ?"

ತಿರುಮಲೇಶ್ ನೆಲ ನೋಡುತ್ತಿದ್ದ.

ತಿಂಗಳಾದ ಮೇಲೆ ಹಿಂದೂಪುರದಿಂದ ಒಂದು ಮೇಲ್ ಬಂತು. ಹೊಸ ಶೋರೂಮ್ ತೆರೆಯುತ್ತಿದ್ದೇವೆ, ನಿಮ್ಮ ದನಿ ತುಂಬಾ ಹಿಡಿಸಿತು, ಪ್ರಚಾರಕ್ಕೆ ಬರುತ್ತೀರಾ ಎಂದು ಕೇಳಿದ್ದರು. ಚೈತ್ರ ಓದಿ ಹೇಳುತ್ತಿದ್ದಂತೆ ಅವನ ಬೆನ್ನು ನೆಟ್ಟಗಾಯಿತು, ಬಾಯಿ ತೆರೆಯಿತು. ಕರ್ಚೀಫಿನ ಒಳಗಿಂದ ಬರೀ ಗಾಳಿ ಬಂತು.

"ಈಗ ದನಿ ಇಲ್ಲ. ಮಾತು ಬರೆದುಕೊಡುತ್ತೇನೆ, ಬೇರೆಯವರ ಕೈಲಿ ಹೇಳಿಸಿಕೊಳ್ಳಿ" ಎಂದು ಉತ್ತರ ಕಳಿಸಿದ. ಆಮೇಲೆ ದಿನಾ ಮಗಳ ಜೊತೆ ಹೋಗಿ ನೋಡಿ ಬರುತ್ತಿದ್ದ. ಅಲ್ಲಿಂದ ಏನೂ ಬರಲಿಲ್ಲ. ಒಂದು ಸಂಜೆ ಸ್ಲೇಟನ್ನು ಅವಳ ಮುಂದೆ ಇಟ್ಟ: "ದನಿ ತೆಗೆದುಬಿಡು."

"ಇರ್ಲಿ ಬಿಡಪ್ಪ. ಇರೋದು ಅದೊಂದೇ."

ಅವನು ಅಳಿಸಿ ಬರೆದ: "ಕೇಳಿದವರು ಕರೀತಾರೆ. ನಾನೇನು ಹೇಳಲಿ?"

ಚೈತ್ರ ತೆಗೆದಳು. ಆ ಜಾಗಕ್ಕೆ ಅವನು ತನ್ನ ಬಗ್ಗೆ ಕೈಯಲ್ಲಿ ಬರೆದುಕೊಟ್ಟ. ಎಷ್ಟೋ ಹಾಳೆ ಹರಿದು ಹಾಕಿದ ಮೇಲೆ ಉಳಿದದ್ದು ಇಷ್ಟು: "ಊರಿಗೆಲ್ಲ ಕೂಗಿ ಹೇಳುವುದು ನನ್ನ ಕೆಲಸವಾಗಿತ್ತು. ಈಗ ಮಾತಿಲ್ಲ. ಹೆಂಡತಿ ರಾಧಾಮಣಿ. ಮಾತು ಇದ್ದಾಗ ಅವಳ ಹತ್ತಿರ ಆಡಲಿಲ್ಲ."

ರಾಧಾಮಣಿ ಮತ್ತೆ ಸೆಂಟರಿಗೆ ಬರಲು ಒಪ್ಪಲಿಲ್ಲ. ಅವರೆಕಾಯಿ ಸುಲಿಯುತ್ತ ಕೂತಿದ್ದವಳಿಗೆ ಮಗಳು ಆ ಸಾಲುಗಳನ್ನು ಓದಿ ಹೇಳಿದಳು. ತಿರುಮಲೇಶ್ ಬಾಗಿಲ ಹತ್ತಿರ ನಿಂತಿದ್ದ.

"ಇದ್ನ ಲೋಕಕ್ಕೆಲ್ಲ ಯಾಕೆ ಹೇಳ್ಬೇಕಿತ್ತು?" ಎಂದಳು ರಾಧಾಮಣಿ, ತಲೆಯೆತ್ತದೆ. "ನಂಗೆ ಹೇಳಿದ್ರೆ ಆಗಿತ್ತಲ್ಲ."

ಅವನು ಬಳಪ ಕೈಗೆ ತೆಗೆದುಕೊಂಡ.

ಆಮೇಲೆ ಸಂಜೆ ಹೊತ್ತು ಅವಳ ಪಕ್ಕದಲ್ಲಿ ಕೂತು ಒಂದೆರಡು ಮಾತು ಬರೆಯುತ್ತಿದ್ದ. ಅವಳು ಓದಿ "ಹ್ಞೂ" ಅನ್ನುತ್ತಿದ್ದಳು. ಒಮ್ಮೊಮ್ಮೆ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದಳು. ಮುಂದಿನ ಶ್ರಾವಣಕ್ಕೆ ರೋಗ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತು. ದಸರಾ ಕಾಣಲಿಲ್ಲ ಅವನು.

ಚೈತ್ರಳಿಗೆ ಗೌರಿಬಿದನೂರಿನ ಕುಡುಮಲಕುಂಟೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬಿಡುವಿದ್ದಾಗ ಅಪ್ಪನ ಪೇಜು ತೆರೆದು ನೋಡುತ್ತಿದ್ದಳು. ಅಪ್ಪ ಇಲ್ಲವೆಂದು ಅದರಲ್ಲಿ ಸೇರಿಸಬೇಕು ಅಂದುಕೊಳ್ಳುವಳು, ಆಗುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ, ಪೇಜಿಗೆ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಜಾಗ ಕೊಟ್ಟಿದ್ದ ಕಂಪನಿಯವರು ಬಾಗಿಲು ಮುಚ್ಚಿದರು, ಪೇಜೂ ಅಳಿಸಿಹೋಯಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದಳು.

"ಹೋಯ್ತಾ?" ಎಂದಳು ರಾಧಾಮಣಿ. ಆಮೇಲೆ, "ಊಟ ಆಯ್ತೇನಮ್ಮ ನಿಂದು?" ಎಂದು ಕೇಳಿದಳು.