ಚಿನ್ನಿಯನ್ನು ನೋಡಲು ಬಂದವರು

ಬ್ಯಾಂಕಿನ ವರ್ಗಾವಣೆಯಲ್ಲಿ ಚೆನ್ನೈಗೆ ಬಂದು ಎರಡು ವರ್ಷವಾದರೂ ನನ್ನ ಅಣ್ಣಾ ನಗರ್ ಮನೆಗೆ ಯಾರೂ ಬಂದಿರಲಿಲ್ಲ. ನನ್ನ ಲ್ಯಾಬ್ರಡಾರ್ ಚಿನ್ನಿಗೆ ಗಂಡು ಬೇಕೆಂದು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದೆ. ಇದೇ ಊರಿನ ಪುರಸೈವಾಕ್ಕಂನಲ್ಲೇ ಹುಟ್ಟಿ ಬೆಳೆದ ಕನ್ನಡದವರೊಬ್ಬರು, ಗಂಡುನಾಯಿ ಸಾಕಿದವರು, ನೋಡಲು ಬಂದರು. ನಾನು ಹೆಣ್ಣು ನೋಡುವ ಶಾಸ್ತ್ರವೇ ಎಂಬಂತೆ ಉಪ್ಪಿಟ್ಟು, ಕೇಸರಿಬಾತ್ ಮಾಡಿಟ್ಟಿದ್ದೆ.

ಅವರು ತಟ್ಟೆ ಮುಟ್ಟಲಿಲ್ಲ. ಚಿನ್ನಿಯ ಬೆನ್ನು ಸವರುತ್ತಾ, "ಸೊಂಟದ ಎಕ್ಸ್‌ರೇ ತೆಗೆಸಿದೀರಾ ಮೇಡಂ? ದೋಷ ಇದ್ರೆ ಮರಿಗಳಿಗೂ ಬರುತ್ತೆ," ಅಂದರು.

"ಇಲ್ಲ."

"ಎಂಟು ಮರಿ ಹುಟ್ಟಿದ್ರೆ ಯಾರ್ಯಾರಿಗೆ ಕೊಡ್ತೀರಾ? ಹೆಸರು ಹೇಳಿ."

ಇಡೀ ಊರಿನಲ್ಲಿ ನನಗೆ ಒಂದು ಹೆಸರೂ ಹೊಳೆಯಲಿಲ್ಲ.

"ಹಾಗಾದ್ರೆ ಬೇಡ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿಬಿಡಿ. ಪಾವಂ, ಪಾಪ ಅದು," ಎಂದು ಎದ್ದು ಹೊರಟೇಬಿಟ್ಟರು.

ಅವರು ಹೇಳಿದ್ದೇ ಸರಿ, ಆಪರೇಷನ್ ಮಾಡಿಸಿದೆ. ಜಾಹೀರಾತನ್ನು ಮಾತ್ರ ಇನ್ನೂ ತೆಗೆದಿಲ್ಲ. ಮುಂದಿನವರಾದರೂ ಉಪ್ಪಿಟ್ಟು ತಿಂದು ಹೋಗಲಿ.