ಬಚ್ಚಲಮನೆ ಬಾಗಿಲಿನ ಅಳತೆ

ಗೋಗಿಯ ಪಾರ್ವತೆಮ್ಮ ಕೂಲಿ ಮಾಡುವವರ ಮಗಳು. ಐಟಿಐನಲ್ಲಿ ನಕ್ಷೆ ಬಿಡಿಸುವುದನ್ನು ಕಲಿತು, ಶಹಾಪುರದ ಇಂಜಿನಿಯರ್ ಬಸವಂತ್ರಾಯರ ಆಫೀಸಿಗೆ ಸೇರಿದ್ದಳು. ಕಾಲುವೆ ಕೆಳಗೆ ಭತ್ತ ಬೆಳೆದವರು ಹಳೆಯ ಕಲ್ಲುಮನೆ ಕೆಡವಿ ಸ್ಲ್ಯಾಬ್ ಮನೆ ಕಟ್ಟಿಸುತ್ತಿದ್ದ ಕಾಲ. ಕೆಲಸಕ್ಕೆ ಬರವಿರಲಿಲ್ಲ.

ಕಂಪ್ಯೂಟರಿನಲ್ಲಿ ಗೋಡೆ ಎಳೆದು ಬಾಗಿಲನ್ನು ತಂದಿಟ್ಟರೆ ಅದು ತಾನೇ ಕೂರುತ್ತಿತ್ತು. ಅಳತೆ ಮಾತ್ರ ಸಾಫ್ಟ್‌ವೇರ್ ಮೊದಲೇ ಇಟ್ಟುಕೊಂಡದ್ದು. ಯಾವ ಬಾಗಿಲಾದರೂ ಎರಡೂವರೆ ಅಡಿ ಅಗಲ, ಯಾವ ಕಿಟಕಿಯಾದರೂ ಮೊಣಕಾಲೆತ್ತರಕ್ಕೆ. ಪಾರ್ವತೆಮ್ಮ ಒಂದೊಂದನ್ನೇ ತಿದ್ದುತ್ತಿದ್ದಳು.

ವನದುರ್ಗದ ಮಾಳಮ್ಮ ನಕ್ಷೆ ಮಾಡಿಸಲು ಬಂದಾಗ ಒಂದೇ ವಿಷಯ ಒತ್ತಿ ಹೇಳಿದ್ದಳು. ಅವಳ ಗಂಡ ತಾಯಪ್ಪ ಮಾಸ್ತರರು ಲಕ್ವ ಹೊಡೆದ ಮೇಲೆ ಗಾಲಿಕುರ್ಚಿ ಹಿಡಿದಿದ್ದರು.

“ಈಗಿನ ಮನ್ಯಾಗ ಬಚ್ಚಲಕ್ಕ ಕುರ್ಚಿ ಹೋಗಂಗಿಲ್ಲ ತಂಗಿ. ಇಬ್ಬರು ಎತ್ತಿಕೊಂಡು ಹೋಗಬೇಕು. ಅವರಿಗಿ ಅದ ದೊಡ್ಡ ಸಂಕಟ.”

ನಕ್ಷೆ ಅರ್ಧಕ್ಕೆ ಬಂದಾಗ ಬಸವಂತ್ರಾಯರು ಹೊಸದೊಂದು ತೋರಿಸಿದರು. ನಕ್ಷೆಯಲ್ಲಿನ ಏನನ್ನೂ ಆರಿಸದೆ ಬಾಗಿಲಿನ ಸೆಟ್ಟಿಂಗ್ ತೆರೆದು ನಮಗೆ ಬೇಕಾದ ಅಳತೆ ಬರೆದಿಟ್ಟರೆ, ಮುಂದೆ ಅದೇ ಅಳತೆ ಬರುತ್ತದೆ. ಪಾರ್ವತೆಮ್ಮ ಬಾಗಿಲಿಗೆ ಮೂರಡಿ ಅಗಲ, ಏಳಡಿ ಎತ್ತರ ಬರೆದಳು. ಕಿಟಕಿಯ ತಳವನ್ನು ಸೊಂಟದ ಮಟ್ಟಕ್ಕೆ ಏರಿಸಿದಳು. ಆಗಲೇ ಇಟ್ಟು ತಿದ್ದದೆ ಬಿಟ್ಟಿದ್ದ ಬಾಗಿಲೂ ಸರಿಯಾಯಿತೆಂದುಕೊಂಡು ನಕ್ಷೆ ಮುಗಿಸಿ ಪ್ರಿಂಟ್ ಕೊಟ್ಟಳು.

ಮುಂದೆ ಮುದನಾಳದ ಒಂದು ಮನೆಗೆ ಅಂಥದೇ ಬಚ್ಚಲಮನೆ ಬೇಕಾಗಿ ಮಾಳಮ್ಮನ ಫೈಲು ತೆರೆದಳು. ಬಚ್ಚಲಮನೆಯ ಬಾಗಿಲು ಎರಡೂವರೆ ಅಡಿಯೇ ಇತ್ತು. ಓಡಿಹೋಗಿ ಬಸವಂತ್ರಾಯರನ್ನು ಕರೆತಂದು ತೋರಿಸಿದಳು.

“ಹಳೇವು ತಾವ ಬದಲಾಗಂಗಿಲ್ಲವ್ವಾ, ಅದು ಹೊಸಾವಕ್ಕಷ್ಟ,” ಎಂದರು ಬಸವಂತ್ರಾಯರು. “ನಾನೂ ಬಿಡಿಸಿ ಹೇಳಲಿಲ್ಲ. ಮೊದಲ ಹೋಗಿ ನೋಡಿ ಬಾ.”

ಮಾಳಮ್ಮನ ಫೋನು ಹತ್ತಲಿಲ್ಲ. ವನದುರ್ಗದ ಆಟೋದಲ್ಲಿ ಪಾರ್ವತೆಮ್ಮನ ಪಕ್ಕ ಕುಳಿತವರು ಮಾತಾಡಿಸಿದರೂ ಅವಳಿಗೆ ಕೇಳಿಸಲಿಲ್ಲ. ಗೋಡೆ ಎದ್ದಿದ್ದರೆ ಒಡೆಸಬೇಕು. ಒಡೆಯಿರಿ ಎಂದು ಯಾವ ಬಾಯಿಂದ ಹೇಳುವುದು?

ಮಾಳಮ್ಮನ ಹೊಸ ಮನೆಯ ಪಡಸಾಲೆಯ ಗೋಡೆ ಆಳೆತ್ತರ ಎದ್ದಿತ್ತು. ಹಿಂದಕ್ಕೆ ಹೋಗಿ ನೋಡಿದರೆ ಬಚ್ಚಲಿನ ಕಡೆ ಬರೀ ಪಾಯ.

“ಇದಕ್ಕ ಕೈ ಹಚ್ಚಿಲ್ಲೇನ್ರಿ?” ಎಂದು ಗೋಡೆ ಕಟ್ಟುವ ಗೌಂಡಿ ಅಮಾತೆಪ್ಪನನ್ನು ಕೇಳಿದಳು.

“ಉಸುಕು ಮುಗದದ. ನಾಳಿಗಿ ಬರ್ತದ.”

ಪಾರ್ವತೆಮ್ಮ ಅಲ್ಲೇ ಇಟ್ಟಿಗೆಯ ಮೇಲೆ ಕುಳಿತುಬಿಟ್ಟಳು. ಮಾಳಮ್ಮ ಬಂದಾಗ ಆದದ್ದನ್ನು ಮುಚ್ಚಿಡದೆ ಹೇಳಿದಳು.

ಮಾಳಮ್ಮ ನೀರಿನ ಚೆಂಬು ತಂದು ಕೊಟ್ಟಳು. “ಇನ್ನಾ ಕಟ್ಟಿಲ್ಲಲ್ಲ, ಬಿಡು. ನೀರು ಕುಡಿ ಮೊದಲ.”

ತಾಯಪ್ಪ ಮಾಸ್ತರರನ್ನು ಕುರ್ಚಿಯಲ್ಲೇ ಕರೆತಂದು, ಕುರ್ಚಿಯ ಅಗಲಕ್ಕೆ ಅವರ ಮೊಣಕೈಗಳನ್ನೂ ಸೇರಿಸಿ ಟೇಪು ಹಿಡಿದರು. ಎರಡೂವರೆ ಅಡಿಯಲ್ಲಿ ಚೌಕಟ್ಟು ಕಳೆದರೆ ಕುರ್ಚಿ ಹಿಡಿಯುತ್ತಲೇ ಇರಲಿಲ್ಲ. ಅಮಾತೆಪ್ಪ ಪಾಯದ ಮೇಲೆ ಮೂರಡಿಗೆ ಸುಣ್ಣದ ಗೆರೆ ಎಳೆದ. ಕುರ್ಚಿ ಆ ಗೆರೆಗಳ ನಡುವೆ ಸಲೀಸಾಗಿ ಕೂರುವಂತಿತ್ತು.

“ನಾ ಒಬ್ಬನ ಹೋಗಬಹುದಲ್ಲ?” ಮಾಸ್ತರರ ಮಾತು ಇನ್ನೂ ತೊದಲುತ್ತಿತ್ತು.

“ಹೋಗಬಹುದ್ರಿ ಸರ್. ಒಳಗ ತಿರುಗಿಸಿಕೊಳ್ಳಾಕೂ ಜಾಗಾ ಅದ,” ಎಂದಳು ಪಾರ್ವತೆಮ್ಮ.

ಅವರು ತಲೆಯಾಡಿಸಿ, ಆ ಗೆರೆಯನ್ನೇ ನೋಡುತ್ತ ಕುಳಿತರು.

ಆಫೀಸಿಗೆ ಮರಳಿದ ಪಾರ್ವತೆಮ್ಮ ತಾನು ಬಿಡಿಸಿದ ನಕ್ಷೆಗಳನ್ನೆಲ್ಲ ತೆರೆದು ನೋಡಿದಳು. ಬೇರೆಲ್ಲೂ ತಪ್ಪಿರಲಿಲ್ಲ. ಬಾಗಿಲು, ಕಿಟಕಿಗಳ ಅಳತೆ ಮೊದಲೇ ತುಂಬಿದ ಖಾಲಿ ಫೈಲೊಂದನ್ನು ಮಾಡಿ, ಇನ್ನು ಮುಂದೆ ಎಲ್ಲ ನಕ್ಷೆಗಳನ್ನೂ ಅದರಲ್ಲೇ ಶುರುಮಾಡುವುದೆಂದು ಬಸವಂತ್ರಾಯರಿಗೆ ತೋರಿಸಿದಳು. ಗೋಗಿ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿದವಳಿಗೆ ಊರು ಬರುವವರೆಗೂ ಎಚ್ಚರವಾಗಲಿಲ್ಲ.