ಕಿವಿ ನೋಡಿ ಕೊಟ್ಟ ನೀರು

"ಅಮ್ಮಾ, ಅಜ್ಜಿ ತಾತನ ಕಿವಿ ನೋಡಿಯೇ ಯಾಕೆ ನೀರು ಕೊಡ್ತಿದ್ದಿದ್ದು?" ಎಂದು ಇವತ್ತು ಮಗಳು ಕೇಳಿದಳು. ತಾತ ಅಂದರೆ ಪಕ್ಕದ ಮನೆಯ ರೇವಣಪ್ಪನವರು. ಅವರು ತೀರಿಹೋಗಿ ಒಂಬತ್ತು ದಿನ.

ಅವರ ಹೆಂಡತಿ ವೀರಭದ್ರಮ್ಮನವರು ಇನ್ನೂ ಅತ್ತಿಲ್ಲ. ನಾನು ಗಂಜಿ ತೆಗೆದುಕೊಂಡು ಹೋದಾಗ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬೀಜ ತೆಗೆದದ್ದೂ ತೆಗೆಯದ್ದೂ ಒಂದೇ ಮೊರಕ್ಕೆ ಬೀಳುತ್ತಿತ್ತು. ಏನಾದರೂ ಮಾತಾಡಲಿ ಎಂದು ಮಗಳ ಪ್ರಶ್ನೆ ಹೇಳಿದೆ.

ರೇವಣಪ್ಪ, ಮರುಳಸಿದ್ದಪ್ಪ ಅವಳಿ ಅಣ್ಣತಮ್ಮಂದಿರು. ಇಬ್ಬರಿಗೂ ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಕೆಲಸ. ಒಂದೇ ಮುಖ, ಒಂದೇ ಥರದ ರುಮಾಲು. ಅಣ್ಣ ರೇವಣಪ್ಪನ ಎಡಗಿವಿ ಮಾತ್ರ ಚಿಕ್ಕಂದಿನಲ್ಲಿ ಹರಿದಿತ್ತು. ರುಮಾಲು ಸುತ್ತಿದರೆ ಅದೂ ಕಾಣದು. ವೀರಭದ್ರಮ್ಮನವರು ಸೊಸೆಯಾಗಿ ಬಂದಾಗ ಇನ್ನೂ ಪ್ರಸ್ತ ಆಗಿ ಗಂಡನ ಜೊತೆ ಸಂಸಾರ ಶುರುವಾಗಿರಲಿಲ್ಲ. ಹೊಸ ಹೆಣ್ಣು ಗಂಡಸರ ಮುಂದೆ ತಲೆ ಎತ್ತುವಂತಿಲ್ಲ, ಬಾಯಿ ಬಿಡುವಂತಿಲ್ಲ.

"ಮಧ್ಯಾಹ್ನ ಒಬ್ರು ಮುಂಚೆ ಬರೋರು. ನೀರಿನ ಚೆಂಬಿನ ಜೊತೆ ಕೊಬ್ಬರಿ, ಬೆಲ್ಲ ಇಡ್ತಿದ್ದೆ. ತಿಂದು, ಸುಮ್ನೆ ನಕ್ಕು ಹೋಗೋರು. ನಮ್ಮನೆಯೋರೇ ಅಂದ್ಕೊಂಡ್ಬುಟ್ಟಿದ್ದೆ ಕಣಮ್ಮ. ಹಿಂದಿಂದ ಬಂದೋರಿಗೆ ಬರೀ ನೀರು!" ಎಂದರು ವೀರಭದ್ರಮ್ಮನವರು.

ಎರಡು ತಿಂಗಳು ಹೀಗೇ ನಡೆಯಿತಂತೆ. ಒಂದು ದಿನ ಕ್ಷೌರ ಮಾಡಿಸಿಕೊಂಡು ಇಬ್ಬರೂ ಬರಿದಲೆಯಲ್ಲಿ ಒಟ್ಟಿಗೇ ಬಂದರು. ಇವರು ಬೆಲ್ಲವನ್ನು ಮೈದುನನ ಮುಂದಿಟ್ಟರು.

"ಓಸಿ ಪಿಚ್ಚಿದಾನಾ! ಹುಚ್ಚಿ, ಕಿವಿ ನೋಡೇ, ಹರಿದಿರೋದು ನಿನ್ನ ಗಂಡನ್ದು!" ಎಂದು ಅತ್ತೆ ನಕ್ಕು ನಕ್ಕು ಕೂತೇಬಿಟ್ಟರು.

"ಅದಕ್ಕೇ ಏನ್ಲಾ ನೀನು ದಿನಾ ಮುಂಚೆ ಓಡಿ ಬತ್ತಿದ್ದದ್ದು?" ಎಂದು ರೇವಣಪ್ಪನೂ ನಕ್ಕರು.

ಮರುಳಸಿದ್ದಪ್ಪ ನಗಲಿಲ್ಲ. ಮುಂದಿನ ವಾರವೇ ಕಲ್ಯಾಣದುರ್ಗಕ್ಕೆ, ಕಡಲೆಕಾಯಿ ವ್ಯಾಪಾರದವರ ಹತ್ತಿರ ಕೆಲಸಕ್ಕೆ ಹೊರಟುಹೋದರು. ಮದುವೆಯಾಗಲಿಲ್ಲ. ಹಬ್ಬಕ್ಕೆ ಬಂದರೂ ಬೆಲ್ಲ ಮುಟ್ಟುತ್ತಿರಲಿಲ್ಲ. ಅಂದಿನಿಂದ ವೀರಭದ್ರಮ್ಮನವರು ಕಿವಿ ನೋಡದೆ ಯಾರಿಗೂ ಚೆಂಬು ಕೊಟ್ಟವರಲ್ಲ.

ಇದನ್ನೆಲ್ಲ ಯಾರದೋ ಮನೆಯ ಸುದ್ದಿಯೆಂಬಂತೆ ಹೇಳಿದರು. ಗಂಜಿ ಆರಿಹೋಗಿತ್ತು. ಬಿಸಿ ಮಾಡಿ ತಂದು ಕೈಗೆ ಕೊಟ್ಟೆ. ಲೋಟ ಹಿಡಿದುಕೊಂಡೇ ಕೂತಿದ್ದರು.

ಜ್ವರವೆಂದು ಮಣ್ಣಿಗೆ ಬರಲಾಗದ ಮರುಳಸಿದ್ದಪ್ಪ ನಾಡಿದ್ದು ಹನ್ನೊಂದನೇ ದಿನಕ್ಕೆ ಬರುತ್ತಾರೆ.

"ನೀನು ಬಾಗಿಲಲ್ಲಿರಮ್ಮ," ಎಂದರು. "ಆ ಮುಖ ಕಂಡ್ರೆ ನಮ್ಮನೆಯೋರೇ ಬಂದ್ರು ಅಂತ ಎಲ್ಲಾರ ಮುಂದೆ ಎದ್ಬುಡ್ತೀನಿ. ಮೈದುನ ಬಂದ್ರು ಅಂತ ಮೊದ್ಲೇ ಕೂಗಿ ಹೇಳು. ಆ ಕಿವಿ ನೋಡೋಕೆ ನನ್ ಕೈಲಾಗಲ್ಲ. ನೀರೂ ನೀನೇ ಕೊಟ್ಬುಡು."